ಬಾಯಿಮಾತಿನ ಬೆದರಿಕೆಗೆ ಕಾಗದದ ಉತ್ತರ: ಸಾಲ ವಸೂಲಿಗಾರರ ಎದುರು ನಿಮ್ಮ ಹಕ್ಕುಗಳು

ಪ್ರಶ್ನೆ: ಎರಡು ವರ್ಷಗಳ ಹಿಂದೆ ಒಂದು ಖಾಸಗಿ ಬ್ಯಾಂಕಿನಿಂದ 3 ಲಕ್ಷ ರೂಪಾಯಿ ವೈಯಕ್ತಿಕ ಸಾಲ ಪಡೆದಿದ್ದೆ. ಹದಿನೆಂಟು ಕಂತುಗಳನ್ನು ತಪ್ಪದೆ ಕಟ್ಟಿದ್ದೇನೆ. ಕೆಲಸ ಕಳೆದುಕೊಂಡ ಮೇಲೆ ಏಳು ತಿಂಗಳಿಂದ ಕಟ್ಟಲಾಗಿಲ್ಲ. ಈಗ ಕಡಿಮೆ ಸಂಬಳದ ಹೊಸ ಕೆಲಸ ಸಿಕ್ಕಿದೆ. ರಿಕವರಿ ಏಜೆಂಟರು ದಿನಕ್ಕೆ ಹತ್ತಾರು ಬಾರಿ ಕರೆ ಮಾಡುತ್ತಾರೆ, ರಾತ್ರಿ ಒಂಬತ್ತಕ್ಕೆ ಮನೆ ಬಾಗಿಲಿಗೆ ಬಂದು ಅಕ್ಕಪಕ್ಕದವರಿಗೆ ಕೇಳುವಂತೆ ಮಾತನಾಡಿದ್ದಾರೆ, ಕಚೇರಿಯ ಮೇಲಧಿಕಾರಿಗೂ ಹಳ್ಳಿಯಲ್ಲಿರುವ ನನ್ನ ತಂದೆಗೂ ಕರೆ ಮಾಡಿದ್ದಾರೆ. ಕಳೆದ ವಾರ ವಾಟ್ಸಾಪ್‌ನಲ್ಲಿ ನನ್ನ ಹೆಸರಿನ ‘ಬಂಧನದ ವಾರಂಟ್’ ಬಂತು. ಅವರು ಹೇಳುವ ಖಾತೆಗೆ 40 ಸಾವಿರ ರೂಪಾಯಿ ಹಾಕಿದರೆ ಎಲ್ಲವನ್ನೂ ಮುಗಿಸಿಕೊಡುತ್ತಾರಂತೆ. ನನ್ನನ್ನು ಬಂಧಿಸಬಹುದೇ? ತಂದೆಯವರು ಈ ಸಾಲ ತೀರಿಸಬೇಕೇ? ಈ 40 ಸಾವಿರದ ಮಾತನ್ನು ನಂಬಬಹುದೇ? ಸಾಲ ತೀರಿಸುವ ಮನಸ್ಸಿದೆ, ಒಮ್ಮೆಗೇ ತೀರಿಸುವ ಶಕ್ತಿಯಿಲ್ಲ.

ಉತ್ತರ: ನಿಮ್ಮ ನಿದ್ದೆಗೆಡಿಸಿರುವುದು ಬಂಧನದ ಭಯವೇ ಎಂಬುದು ಪತ್ರದಿಂದ ತಿಳಿಯುವುದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಪ್ರಾಮಾಣಿಕವಾಗಿ ಪಡೆದ ಸಾಲವನ್ನು ಕಷ್ಟಕಾಲದಲ್ಲಿ ತೀರಿಸಲಾಗದಿರುವುದು ನಮ್ಮ ಕಾನೂನಿನಲ್ಲಿ ಅಪರಾಧವಲ್ಲ. ಅದು ಸಿವಿಲ್ ವ್ಯಾಜ್ಯದ ವಿಷಯ. ಬ್ಯಾಂಕು ನ್ಯಾಯಾಲಯಕ್ಕೆ ಹೋಗಿ, ನಿಮ್ಮ ಮಾತನ್ನೂ ಹೇಳಲು ಅವಕಾಶ ಸಿಕ್ಕಿ, ನಿಮ್ಮ ವಿರುದ್ಧ ಡಿಕ್ರಿ (ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪು) ಆದ ಮೇಲೂ ಹಣ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಸಾಲಗಾರನನ್ನು ಸೆರೆಮನೆಗೆ ಕಳಿಸುವಂತಿಲ್ಲ. ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಳ್ಳುತ್ತಿದ್ದಾನೆ ಎಂಬುದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ ಸಿವಿಲ್ ಸೆರೆವಾಸದ ಪ್ರಶ್ನೆ ಏಳುತ್ತದೆ ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬಡತನದ ಕಾರಣಕ್ಕೆ ಸೆರೆಗೆ ಹಾಕುವುದನ್ನು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಪಾಡುವ ಸಂವಿಧಾನದ 21ನೇ ವಿಧಿಯೊಂದಿಗೆ ಇಟ್ಟು ನೋಡಿದ್ದರು. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವುದನ್ನಂತೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಸಂಪೂರ್ಣವಾಗಿ ನಿಷೇಧಿಸುತ್ತದೆ.

ಹಾಗಾದರೆ ವಾಟ್ಸಾಪ್‌ನಲ್ಲಿ ಬಂದದ್ದೇನು? ವಾರಂಟ್ ಹೊರಡಿಸುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ, ಅದನ್ನು ಜಾರಿ ಮಾಡುವವರು ಪೊಲೀಸರು ಅಥವಾ ನ್ಯಾಯಾಲಯದ ಅಮೀನರು. ವಸೂಲಿ ಏಜೆಂಟರ ಮೊಬೈಲಿನಿಂದ ವಾರಂಟ್ ಬರುವ ಪದ್ಧತಿ ಯಾವ ನ್ಯಾಯಾಲಯದಲ್ಲೂ ಇಲ್ಲ. ಅದರಲ್ಲಿ ಪ್ರಕರಣದ ಸಂಖ್ಯೆ ಇದ್ದರೆ ನ್ಯಾಯಾಲಯಗಳ ಪ್ರಕರಣಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ ನೋಡಿ. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ರಾಷ್ಟ್ರಲಾಂಛನ ದೊಡ್ಡದಾಗಿರುತ್ತದೆ, ಪ್ರಕರಣದ ಸಂಖ್ಯೆ ಇರುವುದಿಲ್ಲ. ಅದನ್ನು ಅಳಿಸಬೇಡಿ. ನಿಮ್ಮನ್ನು ಹೆದರಿಸಲು ಕಳಿಸಿದ ಆ ಚಿತ್ರವೇ ಕಳಿಸಿದವರ ವಿರುದ್ಧದ ಅತ್ಯುತ್ತಮ ಸಾಕ್ಷ್ಯ.

ಇಷ್ಟು ಹೇಳಿದ ಮೇಲೆ, ಏಜೆಂಟರು ಸುಳ್ಳಿನೊಂದಿಗೆ ಬೆರೆಸಿ ಹೇಳುವ ಒಂದು ಅರ್ಧಸತ್ಯವನ್ನೂ ಬಿಡಿಸಿ ಹೇಳಬೇಕು. ಸಾಲ ಬಾಕಿ ಅಪರಾಧವಲ್ಲದಿದ್ದರೂ ಚೆಕ್ ಅಮಾನ್ಯವಾಗುವುದು ವರ್ಗಾವಣೀಯ ಲಿಖಿತಗಳ ಕಾಯಿದೆಯ 138ನೇ ಕಲಮಿನಡಿ ಅಪರಾಧ, ಮತ್ತು ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆಯಲ್ಲಿ ಹಣವಿಲ್ಲದೆ ಕಡಿತ ವಿಫಲವಾಗುವುದೂ 2007ರ ಪಾವತಿ ಮತ್ತು ತೀರುವಳಿ ವ್ಯವಸ್ಥೆಗಳ ಕಾಯಿದೆಯ 25ನೇ ಕಲಮಿನಡಿ ಅದೇ ಬಗೆಯ ಅಪರಾಧ. ಎರಡಕ್ಕೂ ಗರಿಷ್ಠ ಶಿಕ್ಷೆ ಎರಡು ವರ್ಷಗಳ ಸೆರೆ, ಅಥವಾ ಮೊತ್ತದ ಎರಡರಷ್ಟು ದಂಡ, ಅಥವಾ ಎರಡೂ. ಆದರೆ ಇಲ್ಲಿಯೂ ನಾಳೆ ಬೆಳಗ್ಗೆ ಯಾರೋ ಬಂದು ಎಳೆದೊಯ್ಯುವ ಮಾತಿಲ್ಲ. ಹಣ ಬರಲಿಲ್ಲವೆಂಬ ಮಾಹಿತಿ ಸಿಕ್ಕ 30 ದಿನಗಳೊಳಗೆ ಬ್ಯಾಂಕು ಲಿಖಿತ ನೋಟಿಸ್ ಕೊಡಬೇಕು, ಅದು ತಲುಪಿದ ಮೇಲೆ ಹಣ ಕಟ್ಟಲು ನಿಮಗೆ 15 ದಿನ ಇರುತ್ತದೆ, ಆ ಅವಧಿ ಮುಗಿದ ಒಂದು ತಿಂಗಳೊಳಗೆ ಬ್ಯಾಂಕು ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ನಂತರ ನಿಮಗೆ ಸಮನ್ಸ್ ಬರುತ್ತದೆ. ಅಪರಾಧ ಜಾಮೀನು ಸಿಗುವಂಥದ್ದು, ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಬಹುದಾದದ್ದು. ನಿಜವಾಗಿ ಅಪಾಯಕ್ಕೆ ಸಿಲುಕುವವರು ಅಂಚೆಯವನು ತಂದ ನೋಂದಾಯಿತ ಪತ್ರವನ್ನು ಭಯದಿಂದ ಹಿಂದಕ್ಕೆ ಕಳಿಸುವವರು. ಸಮನ್ಸಿಗೆ ಹಾಜರಾಗದಿದ್ದರೆ ಬರುವ ವಾರಂಟ್ ಮಾತ್ರ ನಿಜವಾದ ವಾರಂಟ್ ಆಗಿರುತ್ತದೆ. ಆದ್ದರಿಂದ ಏಜೆಂಟರ ಕರೆಯನ್ನು ಬೇಕಾದರೆ ಕಡೆಗಣಿಸಿ, ಅಂಚೆಯನ್ನು ಎಂದೂ ಕಡೆಗಣಿಸಬೇಡಿ.

ಈಗ ವಸೂಲಿಯ ರೀತಿಯ ವಿಷಯ. ಬ್ಯಾಂಕಿಗೆ ತನ್ನ ಹಣವನ್ನು ಕೇಳುವ ಹಕ್ಕು ಇದೆ, ಆ ಕೆಲಸಕ್ಕೆ ಏಜೆಂಟರನ್ನು ನೇಮಿಸುವ ಹಕ್ಕೂ ಇದೆ. ಆದರೆ ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ ಎಂಬುದು ರಿಸರ್ವ್ ಬ್ಯಾಂಕ್ ಮತ್ತೆಮತ್ತೆ ಹೇಳಿರುವ ಮಾತು. ‘ಅವರು ಹೊರಗುತ್ತಿಗೆಯವರು, ನಮಗೆ ಸಂಬಂಧವಿಲ್ಲ’ ಎಂದು ಶಾಖೆಯಲ್ಲಿ ಯಾರಾದರೂ ಹೇಳಿದರೆ ಅದನ್ನು ಬರೆದುಕೊಡಿ ಎಂದು ಕೇಳಿ. ಯಾರೂ ಬರೆದುಕೊಡುವುದಿಲ್ಲ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರಂದು ಹೊರಡಿಸಿದ ಸುತ್ತೋಲೆಯು ಬಾಕಿ ವಸೂಲಿಗಾಗಿ ಬೆಳಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡುವುದನ್ನು ನಿಷೇಧಿಸಿತು. ಅದೇ ಸುತ್ತೋಲೆ ಮಾತಿನಿಂದಾಗಲಿ ದೈಹಿಕವಾಗಿಯಾಗಲಿ ಬೆದರಿಸುವುದು, ಸಾರ್ವಜನಿಕವಾಗಿ ಅವಮಾನಿಸುವುದು, ಸಾಲಗಾರರ ಕುಟುಂಬದವರ, ಸ್ನೇಹಿತರ ಮತ್ತು ಸಾಲದ ಅರ್ಜಿಯಲ್ಲಿ ಪರಿಚಿತರೆಂದು ಹೆಸರಿಸಿದವರ ಖಾಸಗಿತನಕ್ಕೆ ನುಗ್ಗುವುದು, ಮೊಬೈಲಿನಲ್ಲಿ ಅಥವಾ ಸಾಮಾಜಿಕ ಜಾಲತಾಣಗಳಲ್ಲಿ ಅನುಚಿತ ಸಂದೇಶ ಕಳಿಸುವುದು, ಹೆಸರು ಹೇಳದೆ ಅಥವಾ ಬೆದರಿಸುವಂತೆ ಕರೆ ಮಾಡುವುದು, ಪದೇ ಪದೇ ಕರೆ ಮಾಡುವುದು, ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಕೊಡುವುದು ಇವೆಲ್ಲವನ್ನೂ ತಡೆಯುವ ಹೊಣೆಯನ್ನು ಬ್ಯಾಂಕಿನ ಮೇಲೆ ಹೊರಿಸಿತು. ನಿಮ್ಮ ಪತ್ರದಲ್ಲಿ ವಿವರಿಸಿರುವ ಘಟನೆಗಳನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ, ಬಹುಪಾಲು ಎಲ್ಲವನ್ನೂ ಅವರು ಮಾಡಿ ಮುಗಿಸಿದ್ದಾರೆ.

ಬಾಗಿಲಿಗೆ ಬರುವ ಏಜೆಂಟರ ಬಳಿ ಗುರುತಿನ ಚೀಟಿ ಮತ್ತು ಬ್ಯಾಂಕು ಕೊಟ್ಟ ಅಧಿಕಾರಪತ್ರ ಇರಬೇಕು. ಪ್ರಕರಣವನ್ನು ಏಜೆನ್ಸಿಗೆ ಒಪ್ಪಿಸುವಾಗಲೇ ಆ ಏಜೆನ್ಸಿ ಯಾವುದೆಂಬ ವಿವರವನ್ನು ಬ್ಯಾಂಕು ನಿಮಗೆ ತಿಳಿಸಿರಬೇಕು ಎಂಬುದು 2008ರಿಂದಲೂ ಇರುವ ನಿಯಮ. ಆದ್ದರಿಂದ ಬಂದವರನ್ನು ಮೊದಲು ಕೇಳಬೇಕಾದದ್ದು ಅವರ ಹೆಸರು, ಏಜೆನ್ಸಿಯ ಹೆಸರು ಮತ್ತು ಅಧಿಕಾರಪತ್ರ. ತೋರಿಸಿದರೆ ಫೋಟೋ ತೆಗೆದುಕೊಳ್ಳಿ, ತೋರಿಸದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಅವರನ್ನು ಒಳಗೆ ಕರೆದು ಕೂರಿಸುವ ಬಾಧ್ಯತೆ ನಿಮಗಿಲ್ಲ, ಮನೆಯ ಒಂದು ಚಮಚವನ್ನೂ ಮುಟ್ಟುವ ಅಧಿಕಾರ ಅವರಿಗಿಲ್ಲ. ಹೋಗಿ ಎಂದ ಮೇಲೂ ಹೋಗದೆ ಗದ್ದಲ ಮಾಡಿದರೆ 112ಕ್ಕೆ ಕರೆ ಮಾಡಿ. ಪೊಲೀಸರು ಬಂದು ಮಾಡುವುದಕ್ಕಿಂತ, ಆ ದಿನ ಆ ಹೊತ್ತಿನಲ್ಲಿ ನೀವು ಕರೆ ಮಾಡಿದಿರಿ ಎಂಬ ದಾಖಲೆ ಉಳಿಯುವುದು ಮುಂದೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಮ್ಮ ತಂದೆಯವರ ವಿಷಯ ಸರಳ. ಅವರು ಸಾಲದ ಪತ್ರಕ್ಕೆ ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕಿಲ್ಲದಿದ್ದರೆ ಒಂದು ರೂಪಾಯಿಯ ಹೊಣೆಯೂ ಅವರ ಮೇಲಿಲ್ಲ. ಮಗನ ಸಾಲ ಅಪ್ಪನದು ಎಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿರುವುದನ್ನು ಏಜೆಂಟರು ಚೆನ್ನಾಗಿ ಬಲ್ಲರು, ಹಳ್ಳಿಗೆ ಹೋಗುವ ಕರೆಯ ಹಿಂದಿನ ಲೆಕ್ಕಾಚಾರ ಅದೇ. ಜಾಮೀನಿಗೆ ಸಹಿ ಹಾಕಿದ್ದರೆ ಮಾತು ಬೇರೆ: ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ ಮತ್ತು ಬ್ಯಾಂಕು ನೇರವಾಗಿ ಅವರನ್ನೇ ಕೇಳಬಹುದು. ಆಗಲೂ ಮೇಲೆ ಹೇಳಿದ ಸಮಯದ, ಸಭ್ಯತೆಯ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ಅಂದಹಾಗೆ ಸಾಲಗಾರ ತೀರಿಕೊಂಡಾಗಲೂ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯ ಮೌಲ್ಯವನ್ನು ಮೀರುವುದಿಲ್ಲ. ಇದು ತಿಳಿಯದೆ ವಿಧವೆಯರು ಒಡವೆ ಮಾರಿ ಗಂಡನ ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟಿದ್ದನ್ನು ನಾನು ಕಂಡಿದ್ದೇನೆ.

ನೀವು ಮುಂದೆ ಮಾಡಬೇಕಾದ ಕೆಲಸದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹಕ್ಕುಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಫೋನಿನಲ್ಲಿ ಏಜೆಂಟರಿಗೆ ಒಪ್ಪಿಸುವುದರಿಂದ ಏನೂ ಆಗುವುದಿಲ್ಲ. ವಸೂಲಿಗಾರನ ಬಲವೆಲ್ಲ ಇರುವುದು ಬಾಯಿಮಾತಿನಲ್ಲಿ. ‘ನಾಳೆ ಪೊಲೀಸರನ್ನು ಕರೆದುಕೊಂಡು ಬರುತ್ತೇವೆ’ ಎಂಬ ಮಾತನ್ನು ಯಾವ ಬ್ಯಾಂಕಿನ ಅಧಿಕಾರಿಯೂ ಬ್ಯಾಂಕಿನ ಕಾಗದದ ಮೇಲೆ ಬರೆದು ಸಹಿ ಹಾಕಲಾರ. ಆದ್ದರಿಂದ ಇಡೀ ವ್ಯವಹಾರವನ್ನು ಫೋನಿನಿಂದ ಕಾಗದಕ್ಕೆ ತರುವುದೇ ನಿಮ್ಮ ಮೊದಲ ಹೆಜ್ಜೆಯಾಗಬೇಕು.

ಈವರೆಗಿನ ಘಟನೆಗಳನ್ನು ದಿನಾಂಕ, ಗಂಟೆ, ಫೋನ್ ಸಂಖ್ಯೆ, ಆಡಿದ ಮಾತು, ಕೇಳಿಸಿಕೊಂಡ ಸಾಕ್ಷಿ ಎಂಬ ಕ್ರಮದಲ್ಲಿ ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಕರೆಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ. ನೀವೇ ಭಾಗಿಯಾದ ಕರೆಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮುಂದೆ ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆಯಾದ್ದರಿಂದ ರೆಕಾರ್ಡ್ ಆದ ಮೂಲ ಫೋನನ್ನು ಮಾರಿಬಿಡಬೇಡಿ, ರೀಸೆಟ್ ಮಾಡಬೇಡಿ.

ನಂತರ ಬ್ಯಾಂಕಿನ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಒಂದು ಪತ್ರ ಕಳಿಸಿ. ಆ ಅಧಿಕಾರಿಯ ವಿಳಾಸ ಬ್ಯಾಂಕಿನ ಜಾಲತಾಣದಲ್ಲಿ ಇರುತ್ತದೆ, ಶಾಖೆಯಲ್ಲೂ ತೂಗುಹಾಕಿರಬೇಕು. ಪತ್ರದಲ್ಲಿ ಕೋಪ ಬೇಡ, ಕರುಣೆಯ ಬೇಡಿಕೆಯೂ ಬೇಡ. ಸಾಲದ ಖಾತೆಯ ಸಂಖ್ಯೆ, ಹದಿನೆಂಟು ಕಂತು ಕಟ್ಟಿದ್ದು, ಕೆಲಸ ಹೋದ ತಿಂಗಳು, ಈಗಿನ ಆದಾಯ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ ಎಂಬ ನಿಖರ ಮೊತ್ತ ಇವನ್ನು ಮೊದಲ ಭಾಗದಲ್ಲಿ ಬರೆಯಿರಿ. ಎರಡನೆಯ ಭಾಗದಲ್ಲಿ ಏಜೆಂಟರ ವರ್ತನೆಯ ಮೂರೋ ನಾಲ್ಕೋ ಘಟನೆಗಳನ್ನು ದಿನಾಂಕ ಸಮೇತ ಹೇಳಿ, ಪ್ರತಿಗಳನ್ನು ಲಗತ್ತಿಸಿ. ಮೂರನೆಯ ಭಾಗದಲ್ಲಿ ಸಾಲದ ಪೂರ್ಣ ಲೆಕ್ಕಪಟ್ಟಿ, ಒಪ್ಪಂದದ ಪ್ರತಿ, ನೇಮಿಸಿದ ಏಜೆನ್ಸಿಯ ವಿವರ ಇವನ್ನು ಕೇಳಿ, ಇನ್ನು ಮುಂದೆ ನಿಮ್ಮೊಂದಿಗೆ ಬರವಣಿಗೆಯಲ್ಲಿ ವ್ಯವಹರಿಸಬೇಕು, ತಂದೆಯನ್ನೂ ಕಚೇರಿಯನ್ನೂ ಸಂಪರ್ಕಿಸಬಾರದು ಎಂದು ತಿಳಿಸಿ. ಕೊಡಲಾಗದಷ್ಟು ಮೊತ್ತವನ್ನು ಉತ್ಸಾಹದಲ್ಲಿ ಬರೆದುಬಿಡಬೇಡಿ, ಎರಡು ತಿಂಗಳ ನಂತರ ಮಾತು ತಪ್ಪಿದವರಾಗುತ್ತೀರಿ.

ಈ ಪತ್ರಕ್ಕೆ ಹಲವರಿಗೆ ಗೊತ್ತಿಲ್ಲದ ಒಂದು ಶಕ್ತಿ ಇದೆ. ಸಾಲಗಾರನ ದೂರು ಬಾಕಿಯಿರುವಾಗ ಅದನ್ನು ಇತ್ಯರ್ಥ ಮಾಡುವವರೆಗೆ ಪ್ರಕರಣವನ್ನು ವಸೂಲಿ ಏಜೆನ್ಸಿಗೆ ಕಳಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರ ಏಪ್ರಿಲ್ 24ರ ಸೂಚನೆಯಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಸಾಲಗಾರ ಹುರುಳಿಲ್ಲದ ದೂರುಗಳನ್ನೇ ಪದೇ ಪದೇ ಕೊಡುತ್ತಿದ್ದಾನೆ ಎಂದು ಬ್ಯಾಂಕಿಗೆ ಸೂಕ್ತ ದಾಖಲೆಯೊಂದಿಗೆ ಮನವರಿಕೆಯಾದರೆ ಮಾತ್ರ ವಿನಾಯಿತಿ. ನಿಮ್ಮ ದೂರಿನಲ್ಲಿ ಹುರುಳಿರಬೇಕು, ದಿನಾಂಕಗಳಿರಬೇಕು ಎಂದು ನಾನು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರುಗಳನ್ನು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. 2021ರ ನವೆಂಬರ್ 12ರಂದು ಆರಂಭವಾದ ಏಕೀಕೃತ ಓಂಬುಡ್ಸ್‌ಮನ್ ಯೋಜನೆಯಲ್ಲಿ ರಿಸರ್ವ್ ಬ್ಯಾಂಕಿನ ದೂರು ನಿರ್ವಹಣಾ ಪೋರ್ಟಲಿನಲ್ಲಿ ಅಥವಾ ಚಂಡೀಗಢದಲ್ಲಿರುವ ದೂರು ಸ್ವೀಕೃತಿ ಕೇಂದ್ರಕ್ಕೆ ಕಾಗದ ಬರೆದು ದೂರು ಕೊಡಬಹುದು. ಶುಲ್ಕವಿಲ್ಲ, ಮಾಹಿತಿಗೆ 14448 ಸಂಖ್ಯೆ ಇದೆ. ಆ ಯೋಜನೆ ಆದ ನಷ್ಟಕ್ಕೆ 20 ಲಕ್ಷ ರೂಪಾಯಿವರೆಗೂ, ಮಾನಸಿಕ ಯಾತನೆ, ಕಿರುಕುಳ ಮತ್ತು ವ್ಯರ್ಥವಾದ ಸಮಯಕ್ಕೆ ಪ್ರತ್ಯೇಕವಾಗಿ 1 ಲಕ್ಷ ರೂಪಾಯಿವರೆಗೂ ಪರಿಹಾರಕ್ಕೆ ಅವಕಾಶ ಕೊಟ್ಟಿತು. ಗಮನಿಸಬೇಕಾದ ಎರಡು ಸಂಗತಿಗಳಿವೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಹೋದರೆ ಅಲ್ಲಿ ತಿರಸ್ಕಾರ ಖಚಿತ. ಮತ್ತು ಈ ದೂರನ್ನು ವಕೀಲರ ಮೂಲಕ ಸಲ್ಲಿಸುವಂತಿಲ್ಲ, ನೀವೇ ಅಥವಾ ವಕೀಲರಲ್ಲದ ಪ್ರತಿನಿಧಿ ಸಲ್ಲಿಸಬೇಕು. ಗ್ರಾಹಕ ಆಯೋಗದ ದಾರಿಯೂ ತೆರೆದಿದೆಯಾದರೂ ಒಂದೇ ವಿಷಯಕ್ಕೆ ಎರಡೂ ಕಡೆ ಹೋಗಲಾಗದು. ನಿಮ್ಮ ಸ್ಥಿತಿಯಲ್ಲಿ ಓಂಬುಡ್ಸ್‌ಮನ್ ಮೊದಲು ಎಂಬುದು ನನ್ನ ಅಭಿಪ್ರಾಯ.

ಪೊಲೀಸ್ ದೂರು ಇವೆರಡಕ್ಕೂ ಸಮಾನಾಂತರವಾಗಿ ನಡೆಯಬಹುದು. ಠಾಣೆಯಲ್ಲಿ ‘ಇದು ಹಣಕಾಸಿನ ವಿಷಯ, ಸಿವಿಲ್, ನೀವೇ ಮಾತಾಡಿಕೊಳ್ಳಿ’ ಎಂಬ ಉತ್ತರ ಸಿಗುವುದು ಸಾಮಾನ್ಯ. ಸಾಲ ಸಿವಿಲ್ ಎಂಬುದು ನಿಜ, ಬೆದರಿಕೆ ಸಿವಿಲ್ ಅಲ್ಲ. ಆದ್ದರಿಂದ ದೂರಿನಲ್ಲಿ ಸಾಲದ ಕಥೆಯನ್ನು ಎರಡು ಸಾಲಿಗೆ ಮುಗಿಸಿ, ಘಟನೆಗಳನ್ನು ವಿವರವಾಗಿ ಬರೆಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಿಕ ಬೆದರಿಕೆಗೆ 351ನೇ ಕಲಂ, ಸುಲಿಗೆಗೆ 308, ಮನೆಗೆ ಅತಿಕ್ರಮ ಪ್ರವೇಶಕ್ಕೆ 329, ದಾರಿಯಲ್ಲಿ ಅಡ್ಡಗಟ್ಟುವುದಕ್ಕೆ 126, ಮಹಿಳೆಯ ಮಾನಕ್ಕೆ ಧಕ್ಕೆ ತರುವ ಮಾತಿಗೆ 79, ತಾನು ಪೊಲೀಸ್ ಅಥವಾ ನ್ಯಾಯಾಲಯದ ಅಧಿಕಾರಿ ಎಂದು ಸುಳ್ಳು ಹೇಳಿಕೊಳ್ಳುವುದಕ್ಕೆ 204, ಖೋಟಾ ದಾಖಲೆ ಸೃಷ್ಟಿಗೆ 336 ಮತ್ತು ನಂತರದ ಕಲಮುಗಳಿವೆ. ಯಾವ ಕಲಂ ಎಂದು ನಿರ್ಧರಿಸುವುದು ಪೊಲೀಸರ ಕೆಲಸ, ನೀವು ನಡೆದದ್ದನ್ನು ನಡೆದಂತೆ ಬರೆದರೆ ಸಾಕು. ಸ್ವೀಕೃತಿ ಕೊಡದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಕಮಿಷನರೇಟ್ ಇರುವ ನಗರದಲ್ಲಿ ಉಪ ಪೊಲೀಸ್ ಆಯುಕ್ತರಿಗೆ, ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ.

ನಿಮ್ಮದು ಬ್ಯಾಂಕ್ ಸಾಲವಾದ್ದರಿಂದ ಮೇಲಿನ ಮಾತುಗಳು ಸಾಕು. ಆದರೆ ಇದನ್ನು ಓದುವವರಲ್ಲಿ ಸಂಘದ ಮೂಲಕ ಕಿರುಸಾಲ ಪಡೆದವರೂ ಮೊಬೈಲ್ ಆ್ಯಪ್‌ನಲ್ಲಿ ಸಾಲ ಪಡೆದವರೂ ಇರುತ್ತಾರೆ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನಗಳ ಪ್ರಕಾರ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಕಿರುಸಾಲದಲ್ಲಿ ವಸೂಲಿಯ ಸಮಯ ಇನ್ನೂ ಬಿಗಿಯಾಗಿದೆ: ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಹಣ ಕಟ್ಟುವ ಜಾಗ ಇಬ್ಬರೂ ಒಪ್ಪಿದ ಜಾಗವಾಗಿರಬೇಕು, ಅಲ್ಲಿಗೆ ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಹೋಗಬಹುದು. ಸಾಲಗಾರರ ಹೆಸರನ್ನು ಪ್ರಕಟಿಸುವಂತಿಲ್ಲ, ಹಾಗಾಗಿ ಮನೆಯ ಗೋಡೆಯ ಮೇಲೆ ಬಾಕಿಯ ಬರಹ ಬರೆಯುವುದು ನಿಯಮದ ನೇರ ಉಲ್ಲಂಘನೆ. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದು ನಂತರ ಕಾಯಿದೆಯಾದ ಕಿರುಸಾಲ ಮತ್ತು ಸಣ್ಣ ಸಾಲ ಬಲವಂತದ ಕ್ರಮಗಳ ಪ್ರತಿಬಂಧಕ ಕಾನೂನು ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ, ಅದರಡಿ ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಇನ್ನು ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಫೋಟೋ ಮತ್ತು ಕಡತಗಳನ್ನು ಮುಟ್ಟುವಂತೆಯೇ ಇಲ್ಲ. ಪಟ್ಟಿಯಲ್ಲಿರುವವರಿಗೆಲ್ಲ ತಿರುಚಿದ ಚಿತ್ರ ಕಳಿಸುತ್ತೇವೆ ಎನ್ನುವವರು ಬಹುತೇಕ ನೋಂದಣಿಯೇ ಇಲ್ಲದ ವಂಚಕರು. ಅಲ್ಲಿ ಓಂಬುಡ್ಸ್‌ಮನ್‌ಗಾಗಿ ಕಾಯದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈಗ 40 ಸಾವಿರದ ಮಾತಿಗೆ ಬರೋಣ. ನಂಬಬೇಡಿ, ಅಂದರೆ ಆ ರೂಪದಲ್ಲಿ ನಂಬಬೇಡಿ. ಏಜೆಂಟರ ಅಥವಾ ಏಜೆನ್ಸಿಯ ಖಾತೆಗೆ ಹಾಕಿದ ಹಣ ನಿಮ್ಮ ಸಾಲಕ್ಕೆ ಜಮೆಯಾಗುತ್ತದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಹಣ ಹೋಗಬೇಕಾದದ್ದು ನಿಮ್ಮ ಸಾಲದ ಖಾತೆಗೆ ಮಾತ್ರ. ಕಡಿಮೆ ಮೊತ್ತಕ್ಕೆ ಸಾಲ ಮುಗಿಸುವ ತೀರುವಳಿ ಎಂಬುದು ನಿಜವಾಗಿಯೂ ಇದೆ, ಆದರೆ ಅದು ಬ್ಯಾಂಕಿನ ಪತ್ರದಲ್ಲಿ, ಸಾಲದ ಖಾತೆಯ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟಬೇಕಾದ ಕೊನೆಯ ದಿನಾಂಕ, ಕಟ್ಟಿದ ಮೇಲೆ ಬಾಕಿಯೇನೂ ಉಳಿಯುವುದಿಲ್ಲ ಎಂಬ ವಾಕ್ಯ, ಅಧಿಕೃತ ಸಹಿ ಇವೆಲ್ಲ ಇರುವ ರೂಪದಲ್ಲಿ ಬರಬೇಕು. ಪತ್ರ ಕೈಗೆ ಬಂದ ಮೇಲೆ, ಅದರಲ್ಲಿರುವ ಸಹಿ ನಿಜವೇ ಎಂದು ಶಾಖೆಯಲ್ಲಿ ವಿಚಾರಿಸಿದ ಮೇಲೆ ಹಣ. ತಿಂಗಳ ಕೊನೆಯ ದಿನ ಸಂಜೆಯೊಳಗೆ ಕಟ್ಟದಿದ್ದರೆ ಈ ಅವಕಾಶ ಹೋಯಿತು ಎಂಬ ಆತುರ ಏಜೆಂಟರ ಗುರಿಗೆ ಸೇರಿದ್ದೇ ಹೊರತು ನಿಮಗೆ ಸೇರಿದ್ದಲ್ಲ; ಮುಂದಿನ ತಿಂಗಳ ಕೊನೆಗೂ ಅದೇ ಅವಕಾಶ ಬೇರೊಬ್ಬರ ದನಿಯಲ್ಲಿ ಬರುತ್ತದೆ.

ತೀರುವಳಿಗೆ ಒಂದು ಬೆಲೆಯೂ ಇದೆ. ಪೂರ್ತಿ ಕಟ್ಟಿದ ಸಾಲವನ್ನು, ಜನರ ಸಾಲದ ಚರಿತ್ರೆ ಇಡುವ ಸಿಬಿಲ್‌ನಂಥ ಸಂಸ್ಥೆಗಳ ವರದಿಯಲ್ಲಿ ‘ಮುಕ್ತಾಯ’ ಎಂದೂ, ಕಡಿಮೆಗೆ ಮುಗಿಸಿದ್ದನ್ನು ‘ಸೆಟಲ್ಡ್’ ಎಂದೂ ದಾಖಲಿಸುತ್ತಾರೆ, ಎರಡನೆಯದನ್ನು ನೋಡಿದ ಬೇರೆ ಬ್ಯಾಂಕುಗಳು ಮುಂದೆ ಗೃಹಸಾಲ ಕೊಡಲು ಹಿಂಜರಿಯುತ್ತವೆ. ನಿಮಗೆ ಈಗ ಮತ್ತೆ ಆದಾಯ ಇರುವುದರಿಂದ, ಕಂತಿನ ಮೊತ್ತ ಇಳಿಸಿ ಅವಧಿ ಹೆಚ್ಚಿಸುವ ಮರುಹೊಂದಾಣಿಕೆಯನ್ನು ಮೊದಲು ಕೇಳಿ ನೋಡುವುದು ಒಳ್ಳೆಯದು. ಲೆಕ್ಕಪಟ್ಟಿ ಬಂದಾಗ ದಂಡದ ಕಾಲಂ ನೋಡಿ. ಕಂತು ತಪ್ಪಿದ್ದಕ್ಕೆ ದಂಡದ ಬಡ್ಡಿ ಹಾಕಿ ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಲೆಕ್ಕ ಹಾಕುವ ಹಳೆಯ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರ ಸುತ್ತೋಲೆಯಲ್ಲಿ ನಿಷೇಧಿಸಿದೆ. ದಂಡಶುಲ್ಕ ಹಾಕಬಹುದು, ಆ ಶುಲ್ಕದ ಮೇಲೆ ಬಡ್ಡಿ ಹಾಕುವಂತಿಲ್ಲ. ಇನ್ನೊಂದು ಕಿವಿಮಾತು: ನಿಮ್ಮ ಹೊಸ ಸಂಬಳ ಇದೇ ಬ್ಯಾಂಕಿನ ಖಾತೆಗೆ ಬರುತ್ತಿದ್ದರೆ ಬ್ಯಾಂಕು ಆ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳಲು ಪ್ರಯತ್ನಿಸಬಹುದು. ಮನೆಬಾಡಿಗೆ ಕಟ್ಟಲೂ ಹಣ ಉಳಿಯದ ಸ್ಥಿತಿ ಬಾರದಂತೆ ಸಂಬಳದ ಖಾತೆ ಬೇರೆ ಕಡೆ ಇರುವುದು ಕ್ಷೇಮ.

ಕಾಲಮಿತಿಯ ಬಗ್ಗೆ ನೀವು ಕೇಳಿಲ್ಲ, ಏಳು ತಿಂಗಳ ಬಾಕಿಗೆ ಅದು ಅನ್ವಯಿಸುವುದೂ ಇಲ್ಲ. ಆದರೂ ಹಳೆಯ ಸಾಲದ ಕರೆ ಬರುತ್ತಿರುವವರಿಗಾಗಿ ಹೇಳುತ್ತೇನೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಅಡಮಾನವಿಲ್ಲದ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿಯೊಳಗೆ ಬಾಕಿಯನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಅಥವಾ ಸಣ್ಣ ಮೊತ್ತ ಕಟ್ಟಿದರೂ ಮೂರು ವರ್ಷಗಳ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಹತ್ತು ವರ್ಷ ಹಳೆಯ ಕಾರ್ಡಿನ ಬಾಕಿಗೆ ‘ಸದ್ಯಕ್ಕೆ ಐದು ನೂರು ಹಾಕಿ, ಒಂದು ಒಪ್ಪಿಗೆ ಪತ್ರ ಬರೆದುಕೊಡಿ’ ಎಂದು ಯಾರಾದರೂ ಪ್ರೀತಿಯಿಂದ ಕೇಳಿದರೆ ಆ ಪ್ರೀತಿಯ ಹಿಂದೆ ಏನಿದೆ ಎಂದು ವಕೀಲರನ್ನು ಕೇಳಿಯೇ ಮುಂದುವರಿಯಬೇಕು, ಏಕೆಂದರೆ ಕಾಲಮಿತಿ ಮೀರಿದ ಸಾಲವನ್ನು ತೀರಿಸುತ್ತೇನೆಂದು ಬರೆದು ಸಹಿ ಹಾಕಿದ ಪತ್ರಕ್ಕೂ ಕರಾರು ಕಾಯಿದೆಯ 25ನೇ ಕಲಮಿನಲ್ಲಿ ಬೆಲೆಯಿದೆ. ಸಾಲವನ್ನು ಬೇರೆ ಕಂಪನಿ ಕೊಂಡುಕೊಂಡಿದೆ ಎನ್ನುವವರಿಂದ ವರ್ಗಾವಣೆಯ ಲಿಖಿತ ದಾಖಲೆ ಕೇಳುವುದು ನಿಮ್ಮ ಹಕ್ಕು.

ಮಾತುಕತೆ ಕೂಡಿಬರದೆ ಬ್ಯಾಂಕು ಕಾನೂನಿನ ದಾರಿ ಹಿಡಿದರೆ ನಿಮಗೆ ಬರಬಹುದಾದ ಕಾಗದಗಳು ಮೂರು ಬಗೆಯವು. ಲೋಕ ಅದಾಲತ್ ನೋಟಿಸ್ ಬಂದರೆ ಹೆದರಬೇಡಿ, ಅದು ರಾಜಿಗೆ ಆಹ್ವಾನ. ನಿಮ್ಮ ಒಪ್ಪಿಗೆಯಿಲ್ಲದೆ ಅಲ್ಲಿ ಏನೂ ತೀರ್ಮಾನವಾಗದು, ಒಪ್ಪಿ ಸಹಿ ಹಾಕಿದ ಮೇಲೆ ಮೇಲ್ಮನವಿಯೂ ಇರದು, ಆದ್ದರಿಂದ ಲೆಕ್ಕ ಮಾಡಿಕೊಂಡೇ ಹೋಗಿ. ಎರಡನೆಯದು ಮಧ್ಯಸ್ಥಿಕೆಯ (ನ್ಯಾಯಾಲಯದ ಹೊರಗೆ ತೀರ್ಪುಗಾರನೊಬ್ಬ ವ್ಯಾಜ್ಯ ತೀರ್ಮಾನಿಸುವ ಆರ್ಬಿಟ್ರೇಷನ್) ನೋಟಿಸ್. ಬ್ಯಾಂಕು ತಾನೊಬ್ಬನೇ ಆಯ್ಕೆ ಮಾಡಿದ ಮಧ್ಯಸ್ಥಗಾರನನ್ನು ಒಪ್ಪುವುದಿಲ್ಲವೆಂದು ನೀವು ಆಕ್ಷೇಪಿಸಬಹುದು, ಆದರೆ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಸಲ್ಲಿಸಬೇಕು. ಸುಮ್ಮನಿದ್ದರೆ ನಿಮ್ಮ ಗೈರುಹಾಜರಿಯಲ್ಲಿ ಆದೇಶವಾಗುತ್ತದೆ. ಮೂರನೆಯದು ನ್ಯಾಯಾಲಯದ ಸಮನ್ಸ್. ಅಲ್ಲಿ ಡಿಕ್ರಿಯಾದ ನಂತರವೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣು ತೆಗೆಯಲಾಗದ ಆಭರಣ ಇವನ್ನು ಜಪ್ತಿಯಿಂದ ಕಾಪಾಡುತ್ತದೆ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ವಕೀಲರ ಶುಲ್ಕ ಕೊಡಲಾಗದವರು ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವು ಸಿಗುತ್ತದೆ. ಕರೆಗಳ ಒತ್ತಡದಿಂದ ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳು ಕನ್ನಡದಲ್ಲೇ ಮಾತನಾಡುವವರಿದ್ದಾರೆ, ಅದನ್ನು ಮುಂದೂಡಬೇಡಿ.

ಕೊನೆಯದಾಗಿ, ಸಾಲ ಯಾವ ದಾರಿಯಿಂದ ಮುಗಿದರೂ ಬ್ಯಾಂಕಿನಿಂದ ಬಾಕಿಯಿಲ್ಲವೆಂಬ ಪ್ರಮಾಣಪತ್ರ ಪಡೆಯಿರಿ, ಖಾತೆಯಿಂದ ಕಂತು ಕಡಿತದ ಆದೇಶವನ್ನು ರದ್ದು ಮಾಡಿಸಿ, ಕೊಟ್ಟಿದ್ದ ಖಾಲಿ ಚೆಕ್ಕುಗಳನ್ನು ವಾಪಸು ಕೇಳಿ. ಎರಡು ತಿಂಗಳ ನಂತರ ಕ್ರೆಡಿಟ್ ವರದಿಯನ್ನು ತೆಗೆದು ನೋಡಿ, ವರ್ಷಕ್ಕೆ ಒಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸಾಲ ಇನ್ನೂ ಬಾಕಿಯೆಂದೇ ಇದ್ದರೆ ತಿದ್ದುಪಡಿಗೆ ಅರ್ಜಿ ಹಾಕಿ. 30 ದಿನಗಳಲ್ಲಿ ಸರಿಪಡಿಸದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಸಲ್ಲಬೇಕು.